ತಳದ ಬೇಳೆ

ಸಾಲಿನ ಮೊದಲ ಸೌಟು ಸಾರನ್ನು ಚಂದನಾ ತನ್ನ ಸ್ಟೀಲ್ ಬಟ್ಟಲಿಗೆ ಹಾಕಿಸಿಕೊಂಡು, ಶಾಲೆಯ ಜಗಲಿಯ ಮೂಲೆಗೆ ಹೋಗಿ ತೆಳು ಬಟ್ಟೆಯ ಮೇಲೆ ಸುರಿದಳು. ನೀರು ಇಳಿದುಹೋಯಿತು. ಉಳಿದ ಬೇಳೆಯನ್ನೂ ಎರಡು ಹೋಳು ಸೌತೆಕಾಯಿಯನ್ನೂ ಪುಟ್ಟ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡಳು. ಅತ್ತ ದೊಡ್ಡ ಪಾತ್ರೆಯ ಮುಂದೆ ಮಕ್ಕಳು ತಟ್ಟೆ ಹಿಡಿದು ಬರುತ್ತಲೇ ಇದ್ದರು. ಬಡಿಸುತ್ತಿದ್ದವಳು ದುರ್ಗ, ಚಂದನಾಳ ತಾಯಿ. ಮಗಳು ಏನು ಮಾಡುತ್ತಿದ್ದಾಳೆಂದು ಅವಳು ತಿರುಗಿಯೂ ನೋಡಲಿಲ್ಲ. ನೋಡಬಾರದೆಂದು ಮೊದಲ ದಿನವೇ ನಿಶ್ಚಯಿಸಿಕೊಂಡಿದ್ದಳು.

ಚಂದನಾ ಧಾರವಾಡದಲ್ಲಿ ಆಹಾರ ಮತ್ತು ಪೋಷಣೆಯ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬಿಸಿಯೂಟ ಯಾವ ಮಗುವಿನ ತಟ್ಟೆಗೆ ಎಷ್ಟು ಮುಟ್ಟುತ್ತದೆ ಎಂಬುದು ಅವಳ ಅಧ್ಯಯನ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಿಂದ ಒಂದೊಂದು ಶಾಲೆಯನ್ನು ಚೀಟಿ ಎತ್ತಿ ಆರಿಸಿದ್ದರು. ಭಟ್ಕಳದ ಚೀಟಿಯಲ್ಲಿ ಬಂದದ್ದು ಕೆಳಗಿನಕೇರಿ ಶಾಲೆ, ಅವಳು ಏಳನೆಯ ತರಗತಿಯವರೆಗೆ ಓದಿದ ಶಾಲೆ. ಅಲ್ಲಿ ಅಡುಗೆ ಮಾಡುವವಳು ತನ್ನ ತಾಯಿಯೇ ಎಂದು ಆಗಲೇ ಹೇಳಿಬಿಟ್ಟಿದ್ದಳು. ಮಾರ್ಗದರ್ಶಕಿ ಮೇಡಂ ಸ್ವಲ್ಪ ಯೋಚಿಸಿ, ಹಾಗಾದರೆ ಅಲ್ಲಿ ಪ್ರತಿಯೊಂದನ್ನೂ ಎರಡು ಸಲ ಅಳೆ ಎಂದಿದ್ದರು.

ದುರ್ಗಳಿಗೆ ಇದು ಹಬ್ಬದಂತೆ ಬಂದಿತ್ತು. ಮೀನಿನ ಬುಟ್ಟಿ ಹೊತ್ತು ಬರುವವಳಿಂದ ಹಿಡಿದು ಕೇರಿಯ ಎಲ್ಲರಿಗೂ, ಮಗಳು ನಮ್ಮ ಶಾಲೆಯ ಊಟದ ಮೇಲೆಯೇ ಪುಸ್ತಕ ಬರೆಯುತ್ತಾಳಂತೆ ಎಂದು ಹೇಳಿಕೊಂಡು ಬಂದಿದ್ದಳು. ಹೇಳಿಕೊಳ್ಳಲು ಕಾರಣವೂ ಇತ್ತು. ಗಂಡ ದೇವಪ್ಪ ದೋಣಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆ ದಿನಗಳಲ್ಲಿ ಮನೆ ನಡೆದದ್ದು, ಮಗಳು ಓದಿದ್ದು ಎಲ್ಲ ದುರ್ಗ ಶಾಲೆಯ ಒಲೆಯ ಮುಂದೆ ದುಡಿದದ್ದರಿಂದಲೇ. ಅವಳ ಅಡುಗೆಮನೆ ಕನ್ನಡಿಯಂತಿರುತ್ತಿತ್ತು. ಅಕ್ಕಿಯಲ್ಲಿ ಒಂದು ಹುಳ ಕಂಡರೂ ಇಡೀ ಚೀಲವನ್ನು ಅಂಗಳದಲ್ಲಿ ಹರವಿ ಆರಿಸುತ್ತಿದ್ದಳು. ಮುಖ್ಯ ಶಿಕ್ಷಕ ನಾಗಭೂಷಣ ಮಾಸ್ತರರು ತಪಾಸಣೆಗೆ ಬಂದ ಅಧಿಕಾರಿಗಳನ್ನು ಮೊದಲು ಕರೆದೊಯ್ಯುತ್ತಿದ್ದುದು ತರಗತಿಗಲ್ಲ, ಅಡುಗೆಮನೆಗೆ.

ಮೂರು ವಾರ ಅಳೆದಮೇಲೆ ಚಂದನಾಳ ಪುಸ್ತಕದಲ್ಲಿ ಒಂದು ಸಂಗತಿ ದಿನದಿನವೂ ಹಾಗೇ ಕಾಣಿಸಿಕೊಂಡಿತು. ತೂಕದ ಪ್ರಕಾರ ಮೊದಲ ಸೌಟಿನಲ್ಲಿ ಎರಡು ಚಮಚದಷ್ಟು ಬೇಳೆ ಸಿಕ್ಕರೆ, ಕೊನೆಯ ಸೌಟಿನಲ್ಲಿ ಆರು. ಬೇಳೆ ತಳಕ್ಕೆ ಇಳಿಯುತ್ತಿತ್ತು. ಅಮ್ಮನ ಸೌಟು ಮೇಲಿನಿಂದ ತುಂಬಿಕೊಳ್ಳುತ್ತಿತ್ತು. ಪದ್ಧತಿಯಂತೆ ಸಣ್ಣ ಮಕ್ಕಳು ಮೊದಲು, ಏಳನೆಯವರು ಕೊನೆಗೆ. ಒಂದನೆಯ, ಎರಡನೆಯ ತರಗತಿಯವರು ಬಿಸಿ ಬಿಸಿ ತಿಳಿಸಾರನ್ನು ಅನ್ನಕ್ಕೆ ಕಲಸಿಕೊಂಡು ಹೊಟ್ಟೆ ತುಂಬ ಉಣ್ಣುತ್ತಿದ್ದರು, ತಟ್ಟೆ ಎತ್ತಿ ಕುಡಿಯುತ್ತಿದ್ದರು. ಆದರೆ ಬೆಳೆಯುವ ಮೈಗೆ ಬೇಕಾದದ್ದು ಪಾತ್ರೆಯ ಅಡಿಯಲ್ಲಿ ಕುಳಿತಿರುತ್ತಿತ್ತು. ಉಳಿದೆರಡು ಶಾಲೆಗಳಲ್ಲಿ ಪಾತ್ರೆ ಚಿಕ್ಕವು, ಅಂತರ ಇಷ್ಟಿರಲಿಲ್ಲ.

ಎರಡು ಸಲ ಅಳೆದಿದ್ದಳು. ಮೂರನೆಯ ಸಲವೂ ಅಳೆದಳು.

ಭಾನುವಾರ ಬೆಳಿಗ್ಗೆ ದುರ್ಗ ಮೆಟ್ಟುಗತ್ತಿಯ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದಾಗ ಚಂದನಾ ಎದುರಿಗೆ ಬಂದು ಕೂತಳು. ಮೊದಲು ಕುಮಟಾದ ಶಾಲೆಯ ಮಾತು ತೆಗೆದಳು, ಹೊನ್ನಾವರದ್ದನ್ನು ಹೇಳಿದಳು. ಆಮೇಲೆ ಬೇರೆ ದಾರಿ ಉಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ದುರ್ಗಳ ಕೈ ನಿಂತಿತು.

"ಹದಿನೈದ್ ವರ್ಷ ಆತು ನಾ ಅಲ್ಲಿ ಬೇಯ್ಸೂಕೆ ಹಿಡ್ದು," ಎಂದಳು. "ಒಂದ್ ಮಗೂನೂ ಹಸ್ದು ಎದ್ದದ್ದಿಲ್ಲ."

"ಹಸಿವಿನ ಮಾತಲ್ಲ ಅಮ್ಮ. ಬೇಳೆದು."

"ಯಾರಿಗೆ ಕಡ್ಮೆ ಬಿದ್ದದ್ದು?"

"ಸಣ್ಣವ್ರಿಗೆ."

ದುರ್ಗ ಮತ್ತೆ ಹೆಚ್ಚತೊಡಗಿದಳು. ಬಸಳೆಯನ್ನೆಲ್ಲ ಹೆಚ್ಚಿ ಮುಗಿಸಿ, ಮೆಟ್ಟುಗತ್ತಿ ತೊಳೆದು ಗೋಡೆಗೆ ಆನಿಸಿಟ್ಟು ಬಾವಿಯ ಕಡೆ ಹೋದಳು. ಆ ದಿನವೆಲ್ಲ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು. ಆ ಶಾಲೆಯನ್ನು ಬಿಟ್ಟು ಬೇರೆ ಚೀಟಿ ಎತ್ತಬಹುದೇ ಎಂದು ಮೇಡಂಗೆ ಫೋನ್ ಮಾಡಲು ಚಂದನಾ ಎರಡು ಸಲ ಮೊಬೈಲ್ ಕೈಗೆತ್ತಿಕೊಂಡಳು, ಎರಡು ಸಲವೂ ಕೆಳಗಿಟ್ಟಳು.

ಸೋಮವಾರ ಅವಳು ಶಾಲೆ ಮುಟ್ಟುವಷ್ಟರಲ್ಲಿ ಒಲೆ ಹೊತ್ತಿತ್ತು. ದುರ್ಗ ಬೆಂದ ಬೇಳೆಯನ್ನು ದೊಡ್ಡ ಕಡಗೋಲಿನಿಂದ ಕಡೆಯುತ್ತಿದ್ದಳು. ಕಾಳು ಕರಗಿ ಗಂಜಿಯಂತಾಗುವವರೆಗೆ ಬಿಡಲಿಲ್ಲ. ಒಂದು ದೊಡ್ಡ ಪಾತ್ರೆಯ ಬದಲು ಮೂರು ಸಣ್ಣ ಪಾತ್ರೆಗಳಿಗೆ ಸಾರು ಹಂಚಿದಳು. ಸಣ್ಣವರದ್ದನ್ನು ಬೇರೆ ಇಟ್ಟು ತಾನೇ ಬಡಿಸಲು ನಿಂತಳು. ಪ್ರತಿ ಸಲ ಸೌಟು ತಳ ಮುಟ್ಟಿ, ಒಂದು ಸುತ್ತು ತಿರುಗಿ ಮೇಲೆ ಬರುತ್ತಿತ್ತು. ಕೊನೆಯ ಮಗುವಿಗೆ ಬಡಿಸಿದಮೇಲೆ, "ಅಳೆ ಈಗ," ಎಂದಷ್ಟೇ ಹೇಳಿದಳು.

ಚಂದನಾ ಮೊದಲೇ ಹಾಕಿಸಿಟ್ಟುಕೊಂಡಿದ್ದ ಸೌಟನ್ನೂ ಕೊನೆಯ ಸೌಟನ್ನೂ ಅಳೆದಳು. ಮೊದಲ ಸೌಟಿನಲ್ಲಿ ನಾಲ್ಕು ಚಮಚ, ಕೊನೆಯದರಲ್ಲಿ ನಾಲ್ಕು. ಆ ವಾರವೆಲ್ಲ ಹಾಗೆಯೇ ಬಂತು. ಗುರುವಾರ ಏಳನೆಯ ತರಗತಿಯವರು ಮಾಸ್ತರರ ಹತ್ತಿರ ಹೋಗಿ, ಇತ್ತೀಚೆಗೆ ಸಾರು ತೆಳ್ಳಗಾಗಿದೆ ಎಂದು ದೂರು ಕೊಟ್ಟರು. ಮಾಸ್ತರರು ಅಡುಗೆಮನೆಗೆ ಬಂದು ವಿಷಯ ತಿಳಿದುಕೊಂಡು ಬಹಳ ಹೊತ್ತು ನಕ್ಕರು. ದುರ್ಗ ನಗಲಿಲ್ಲ. ಸಣ್ಣವರ ಸಾಲಿನ ಕಡೆಗೇ ನೋಡುತ್ತಿದ್ದಳು.

ಮಳೆಗಾಲ ಮುಗಿದಮೇಲೆ ಮೂರೂ ತಾಲೂಕಿನ ಅಡುಗೆಯವರಿಗೆ ಹೊನ್ನಾವರದಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಚಂದನಾ ತನ್ನ ಅಧ್ಯಯನದ ವಿಷಯ ಹೇಳಬೇಕೆಂದು ಕರೆ ಬಂತು. ಸಭಾಭವನದ ತುಂಬ ಹೆಂಗಸರು. ನಡುವಿನ ಸಾಲಿನಲ್ಲಿ ದುರ್ಗ. ಚಂದನಾ ಶಾಲೆಗಳ ಹೆಸರು ಹೇಳದೆ, ಒಂದನೇ ಶಾಲೆ, ಎರಡನೇ ಶಾಲೆ, ಮೂರನೇ ಶಾಲೆ ಎಂದೇ ಬರೆದಿದ್ದಳು. ನಿಯಮವೂ ಹಾಗೆಯೇ ಇತ್ತು, ಅವಳ ಮನಸ್ಸೂ ಹಾಗೆಯೇ ಇತ್ತು.

ಮೂರನೇ ಶಾಲೆಯ ಮೊದಲ ಸೌಟಿನ ಲೆಕ್ಕ ಪರದೆಯ ಮೇಲೆ ಬಂದಾಗ ಗುಸುಗುಸು ಎದ್ದಿತು. ಹಿಂದಿನಿಂದ ಒಬ್ಬಳು, ಆ ಶಾಲೆಯವರು ಬೇಳೆಯನ್ನು ಮನೆಗೆ ಒಯ್ಯುತ್ತಿರಬೇಕು ಎಂದಳು. ನಾಲ್ಕಾರು ಜನ ನಕ್ಕರು. ಹಾಗಲ್ಲ ಎಂದು ವಿವರಿಸಲು ಚಂದನಾ ಬಾಯಿ ತೆರೆಯುವಷ್ಟರಲ್ಲಿ ನಡುವಿನ ಸಾಲಿನಲ್ಲಿ ದುರ್ಗ ಎದ್ದು ನಿಂತಿದ್ದಳು. ಬೇಡವೆಂದು ಚಂದನಾ ತಲೆಯಾಡಿಸಿದಳು. ದುರ್ಗ ಕಂಡೂ ಕಾಣದವಳಂತೆ ಸೆರಗು ಸರಿಮಾಡಿಕೊಂಡಳು.

"ಮೂರ್ನೇ ಶಾಲೆ ನಂದು," ಎಂದಳು. "ಬೇಳೆ ಮನೆಗೆ ಹೋಗ್ಲಿಲ್ಲ, ಪಾತ್ರೆ ತಳಕ್ಕೆ ಹೋಯ್ತು. ಹದಿನೈದ್ ವರ್ಷ ನಾ ಮೇಲಿಂದ್ಲೇ ಸೌಟು ಹಾಕ್ದೆ. ಸಣ್ಣ ಮಕ್ಳು ಮೊದ್ಲು ಬರ್ತಿದ್ರು, ಅವ್ಕೆ ನೀರೇ ಸಿಕ್ತು. ನಂಗೆ ತಿಳೀಲಿಲ್ಲ. ಈಗ ತಿಳೀತು, ಸರಿ ಮಾಡ್ದೆ. ನೀವೂ ಹೋಗಿ ನಿಮ್ ನಿಮ್ ಪಾತ್ರೆ ತಳ ನೋಡ್ಕಣಿ."

ಯಾರೂ ನಗಲಿಲ್ಲ. ವೇದಿಕೆಯ ಮೇಲಿದ್ದ ಅಧಿಕಾರಿ, ಇದನ್ನು ನಿಮಗೆ ತೋರಿಸಿಕೊಟ್ಟವರು ಯಾರು ಎಂದು ಕೇಳಿದರು.

"ಅಲ್ಲಿ ನಿಂತದ್ಯಲ್ಲ, ಅವ್ಳೇ. ನನ್ ಮಗಳು." ದುರ್ಗ ಪರದೆಯ ಪಕ್ಕಕ್ಕೆ ಕೈ ತೋರಿಸಿದಳು. "ಅದೇ ಸಣ್ಣವ್ರ ಸಾಲಲ್ಲಿ ನಿಂತು, ಅದೇ ನೀರ್ ಸಾರು ಉಂಡು ಬೆಳ್ದವ್ಳು."

ಚಂದನಾ ಪರದೆಯ ಕಡೆ ತಿರುಗಿ ನಿಂತಳು. ಮುಂದಿನ ಚಿತ್ರ ಹಾಕಲು ಸ್ವಲ್ಪ ಹೊತ್ತು ಬೇಕಾಯಿತು.

ಊಟದ ಬಿಡುವಿನಲ್ಲಿ ಹೆಂಗಸರು ದುರ್ಗಳನ್ನು ಸುತ್ತಿಕೊಂಡರು. ಬೇಳೆಯನ್ನು ಎಷ್ಟು ಹೊತ್ತು ಕಡೆಯಬೇಕು, ಮೂರು ಪಾತ್ರೆಗೆ ಹಂಚಿದರೆ ಸಾರು ಆರುವುದಿಲ್ಲವೇ ಎಂದು ಕೇಳುವವರು ಕೇಳಿದರು. ಧಾರೇಶ್ವರದ ಕಡೆಯ ಒಬ್ಬಳು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ಬೇಳೆ ಮನೆಗೆ ಒಯ್ಯುವ ಮಾತಾಡಿದವಳೂ ಬಂದು ಪಕ್ಕದಲ್ಲಿ ಕೂತು ಉಂಡಳು. ತನ್ನ ಶಾಲೆಯ ಪಾತ್ರೆ ಇನ್ನೂ ದೊಡ್ಡದು ಎಂದು ಮೆಲ್ಲಗೆ ಹೇಳಿದಳು.

ಸಂಜೆ ಭಟ್ಕಳದ ಬಸ್ಸಿನಲ್ಲಿ ತಾಯಿ ಮಗಳಿಗೆ ಅಕ್ಕಪಕ್ಕದ ಸೀಟು ಸಿಕ್ಕಿತು. ಬಂದವರಿಗೆಲ್ಲ ಹಂಚಿದ್ದ ವರದಿಯ ಕನ್ನಡ ಹಾಳೆಗಳನ್ನು ದುರ್ಗ ಚೀಲದಿಂದ ತೆಗೆದು ತೊಡೆಯ ಮೇಲೆ ಹರವಿಕೊಂಡಳು. ಅವಳು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಓದಿ ಹೇಳಲೇ ಎಂದು ಚಂದನಾ ಕೇಳಿದಳು. ಬೇಡ, ನಾನೇ ಓದುತ್ತೇನೆ ಎಂದಳು ದುರ್ಗ.

ಬಸ್ಸು ಶರಾವತಿಯ ಸೇತುವೆ ಹತ್ತಿತು. ಕಿಟಕಿಯಿಂದ ಗಾಳಿ ನುಗ್ಗಿ ಹಾಳೆಯ ಅಂಚು ಪಟಪಟನೆ ಬಡಿಯಿತು. ದುರ್ಗ ಎಡಗೈಯಿಂದ ಅದನ್ನು ಅದುಮಿ ಹಿಡಿದು, ಬಲಗೈ ಬೆರಳನ್ನು ಒಂದು ಸಾಲಿನ ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದುತ್ತ ಹೋದಳು.