ಮುರಿಗೆಪ್ಪನ ಕ್ರೀಮು

ಕುಲಗೋಡದ ಮುರಿಗೆಪ್ಪ ಐವತ್ತು ದಾಟುವ ತನಕ ತನ್ನ ಚರ್ಮದ ಕಡೆ ಲಕ್ಷ್ಯ ಕೊಟ್ಟವನಲ್ಲ. ಆ ವರ್ಷ ಯುಗಾದಿ ಮುಗಿದ ಮೇಲೆ ಕಬ್ಬಿಗೆ ನೀರು ಹಾಯಿಸಲು ಹೋದಾಗಲೆಲ್ಲ ಮಾರಿ, ಕುತ್ತಿಗೆ, ಮುಂಗೈ ಮೇಲೆ ಕೆಂಪು ದದ್ದು ಎದ್ದು ಕೆರೆಯತೊಡಗಿದವು. ಮೊದಲು ಅರಿಶಿಣ ಹಚ್ಚಿದ. ಆಮೇಲೆ ಕೊಬ್ಬರಿ ಎಣ್ಣೆ. ಆಮೇಲೆ ಯಾರೋ ಹೇಳಿದರೆಂದು ಬೇವಿನ ತಪ್ಪಲು ಅರೆದು ಮೆತ್ತಿಕೊಂಡ. ಆ ಹಸಿರು ಮಾರಿಯಲ್ಲಿ ಕೊಟ್ಟಿಗೆಗೆ ಹೋದರೆ ಎಮ್ಮೆ ಅವನನ್ನು ಹತ್ತಿರ ಬರಗೊಡಲಿಲ್ಲ. ಕೊನೆಗೆ ಗೋಕಾಕದ ಬಸ್ಸು ಹತ್ತಿದ.

ಚರ್ಮದ ಡಾಕ್ಟರು ಒಬ್ಬ ಹೆಣ್ಣುಮಗಳು. ಅವನ ಮುಂಗೈ ತಿರುವಿ ನೋಡಿ, "ಬಿಸಿಲಿನ ಅಲರ್ಜಿ ಐತಿ. ಬಿಸಿಲಿಗೆ ಹೋಗಬ್ಯಾಡ್ರಿ" ಎಂದರು.

"ನಾ ಒಕ್ಕಲುತನ ಮಾಡಾಂವರಿ ಮೇಡಂ."

"ಬಿಸಿಲು ಏರಿದ ಮ್ಯಾಲರೆ ಮನಿಯಾಗ ಇರ್ರಿ."

"ಕಬ್ಬು ಹೊರಗ ಇರತೈತ್ರಿ."

ಡಾಕ್ಟರು ಕೆರೆತಕ್ಕೆ ಗುಳಿಗೆ ಬರೆದು, ಕೆಳಗೆ ಸನ್‌ಸ್ಕ್ರೀನ್ ಎಂದು ಬರೆದರು. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದಿನಾ ತಪ್ಪದೆ ಹಚ್ಚಬೇಕು, ದದ್ದು ಹೋದರೂ ಬಿಡಬಾರದು ಎಂದರು. ಎಷ್ಟು ದಿನ ಹಚ್ಚಬೇಕೆಂದು ಮುರಿಗೆಪ್ಪ ಕೇಳಿದ. ಬಿಸಿಲು ಇರುವ ತನಕ ಎಂದು ಹೇಳಿದರು.

ಮರುದಿನ ಸೊಸೆ, ಮಗ ಬಾಳೇಶನ ಹೆಂಡತಿ ಭಾಗ್ಯಾ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ, "ಮಾವಾರ, ಎರಡು ಬಟ್ಟಿನ ಉದ್ದಕ ತಗೋಬೇಕಂತ್ರಿ" ಎಂದಳು. ಮುರಿಗೆಪ್ಪನ ಬೆರಳು ಹುಟ್ಟಿನಿಂದಲೇ ದೊಡ್ಡವು. ಎರಡು ಬೆರಳಿನ ಉದ್ದಕ್ಕೂ ಹಿಂಡಿ ಮಾರಿಗೆ ತಿಕ್ಕಿದಾಗ, ಅವನು ಸುಣ್ಣ ಹಚ್ಚಿದ ಗೋಡೆಯ ಬಣ್ಣಕ್ಕೆ ಬಂದ. ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು.

"ಏನ್ರಿ ಇದು?"

"ಔಷಧ."

"ಔಷಧ ಇಷ್ಟ ಘಮಾ ಅಂತೈತಿ?"

ಮುರಿಗೆಪ್ಪ ಮುಂಗೈ ಮೂಸಿ ನೋಡಿಕೊಂಡ. ಇನ್ನೊಂದು ತೊಡಕೂ ಇತ್ತು. ಮುರಿಗೆಪ್ಪ ದಿನಾ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚುವವನು. ಕ್ರೀಮಿನ ಮೇಲೆ ವಿಭೂತಿ ಎಳೆದರೆ ಅದು ಗೋಡೆಗೆ ಗಿಲಾಯಿ ಮಾಡಿದಂತೆ ಹಿಡಿದು ಕೂತು ಸಂಜೆಯಾದರೂ ಹೋಗಲಿಲ್ಲ. ವಿಭೂತಿಯ ಮೇಲೆ ಕ್ರೀಮು ತಿಕ್ಕಿದರೆ ಮೂರು ಗೆರೆ ಕೂಡಿ ಒಂದಾದವು. ಎರಡನ್ನೂ ಮಾಡಿ ನೋಡಿ, ಕೊನೆಗೆ ಹಣೆ ಬಿಟ್ಟು ಉಳಿದ ಮಾರಿಗೆ ಹಚ್ಚುವುದೆಂದು ಠರಾಯಿಸಿದ. ಹಣೆಗೆ ಹೇಗೂ ರುಮಾಲಿನ ನೆರಳಿತ್ತು, ಮತ್ತು ಅದು ಶಿವನ ಜವಾಬ್ದಾರಿ.

ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಗೆಳೆಯ ರಾಚಪ್ಪ ಅವನನ್ನು ತಡೆದು ನಿಲ್ಲಿಸಿದ.

"ಏನೋ ಮುರಿಗೆಪ್ಪ, ಮದುಮಗನಾಗಿ ಎಲ್ಲಿಗೆ ಹೊಂಟಿ?"

"ಕಬ್ಬಿಗೆ ನೀರು ಹಾಯ್ಸಾಕ."

"ಹಿಂಗ ಹಚ್ಕೊಂಡು?"

"ಹಿಂಗ ಹಚ್ಕೊಂಡು."

ಚಹಾ ಕುಡಿಯುತ್ತಿದ್ದವರು ನಕ್ಕರು. ಮುರಿಗೆಪ್ಪ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಚಹಾ ಕುಡಿದು, ತುಟಿಯ ಸುತ್ತ ಹೋದದ್ದನ್ನು ಅಂಗಡಿಯ ಕನ್ನಡಿಯಲ್ಲಿ ನೋಡಿ ಸರಿ ಮಾಡಿಕೊಂಡು ಹೊಲಕ್ಕೆ ಹೋದ. ಆ ವಾರದಲ್ಲಿ ದದ್ದು ಇಳಿಯಿತು.

ಟ್ಯೂಬು ಮುಗಿದಾಗ ಗೋಕಾಕದ ತನಕ ಯಾಕೆ ಹೋಗಬೇಕೆಂದು ಮೂಡಲಗಿಗೆ ಹೋದ. ಅಲ್ಲಿ ಸಂತೆಯ ಹತ್ತಿರ ಮಾಲಾ ಎಂಬ ಹೆಣ್ಣುಮಗಳದ್ದು ಬಳೆ, ರಿಬ್ಬನ್ನು, ಪೌಡರು, ಕ್ರೀಮಿನ ಅಂಗಡಿ. ಗಂಡಸರು ಅಲ್ಲಿ ಹೆಂಡಂದಿರಿಗಾಗಿ ಕಾಯುತ್ತ ಹೊರಗೆ ನಿಲ್ಲುವುದು ರೂಢಿ. ಮುರಿಗೆಪ್ಪ ಚಪ್ಪಲಿ ಕಳಚಿ ಒಳಗೆ ಹೋದ.

"ಯಾರಿಗೆ ಬೇಕಾಗಿತ್ತರಿ ಕಾಕಾ?"

"ನನಗ."

ಮಾಲಾ ಹುಬ್ಬು ಏರಿಸಲಿಲ್ಲ. "ನಿಮ್ಮದು ಎಣ್ಣಿ ಚರ್ಮೋ, ಒಣಾ ಚರ್ಮೋ?"

ಮುರಿಗೆಪ್ಪ ವಿಚಾರ ಮಾಡಿದ. ಇಷ್ಟು ವಯಸ್ಸಾದರೂ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಮುಂಜಾನಿ ಒಣಾ ಇರತೈತಿ. ಕೆಲಸಾ ಮಾಡಿದ ಮ್ಯಾಲ ಹಸಿ."

"ಅಂದ್ರ ಬೆವರು ಭಾಳ. ಹಂಗಾದ್ರ ಜೆಲ್ ತಗೋರಿ, ಜಿಗಿಜಿಗಿ ಅನ್ನಂಗಿಲ್ಲ. ಸಂಜಿಕ ಮಾರಿ ಏನ ಹಚ್ಚಿ ತೊಳಿತೀರಿ?"

"ಬಟ್ಟಿ ಸಾಬಾಣ. ಒಮ್ಮೊಮ್ಮೆ ಮೈ ಸಾಬಾಣ."

ಆಗ ಮಾತ್ರ ಮಾಲಾಳ ಮಾರಿ ಸಣ್ಣದಾಯಿತು. ಬಟ್ಟೆ ಸಾಬೂನಿನಿಂದ ಚರ್ಮಕ್ಕೆ ಏನಾಗುತ್ತದೆಂದು ತಿಳಿಸಿ ಹೇಳಿ, ಒಂದು ಫೇಸ್‌ವಾಶ್ ಕೊಟ್ಟಳು. ಮುಂದಿನ ಸಲ ಬಂದಾಗ ಒಡೆದ ತುಟಿಗೆ ಒಂದು ಸಣ್ಣ ಡಬ್ಬಿ. ಅದರ ಮುಂದಿನ ಸಲ, ಮಾರಿ ತೊಳೆದ ಮೇಲೆ ಹಚ್ಚುವ ಮಾಯಿಶ್ಚರೈಸರ್. ಬಚ್ಚಲಿನ ಗೂಡಿನಲ್ಲಿ ಇವೆಲ್ಲ ಸಾಲಾಗಿ ನಿಂತವು. ಮುರಿಗೆಪ್ಪ ಅವುಗಳ ಮುಚ್ಚಳ ಒರೆಸಿ ಇಡುತ್ತಿದ್ದ. ಸಂಜೆ ಹೊಲದಿಂದ ಬಂದು ಮಾರಿ ತೊಳೆದು, ಕ್ರೀಮು ಹಚ್ಚಿ, ಕಟ್ಟೆಯ ಮೇಲೆ ಕೂತಾಗ ಗಲ್ಲಕ್ಕೆ ತಣ್ಣಗೆ ಗಾಳಿ ಬಡಿಯುವುದು ಅವನಿಗೆ ಹಿಡಿಸಿತ್ತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮಾರಿ ತಿಳಿಯಾಗಿತ್ತು. ನಕ್ಕವರೇ ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು. ರಾಚಪ್ಪ ಯಾರೂ ಇಲ್ಲದಾಗ ಬಂದು ಚಪ್ಪಲಿ ಕಳಚಿ ಒಡೆದ ಹಿಮ್ಮಡಿ ತೋರಿಸಿದ. ಮುರಿಗೆಪ್ಪ ಬಗ್ಗಿ ನೋಡಿ, "ಮದ್ಲ ಬಿಸಿನೀರಾಗ ನೆನಸು" ಎಂದ.

ಈ ಸಡಗರದ ನಡುವೆ ಟ್ಯೂಬು ಲಗೂನೆ ಮುಗಿಯಹತ್ತಿತು. ಸೊಸೆ ಹಚ್ಚಿಕೊಳ್ಳುತ್ತಿರಬೇಕೆಂದು ಮುರಿಗೆಪ್ಪ ಅಂದುಕೊಂಡ. ಸಣ್ಣ ಹುಡುಗಿ, ಹಚ್ಚಿಕೊಳ್ಳಲಿ ಎಂದು ಸುಮ್ಮನಾದ. ಮಾವ ಕುತ್ತಿಗೆಯ ಹಿಂದೆಯೂ ಹಚ್ಚತೊಡಗಿದ್ದಾರೆ ಎಂದು ಭಾಗ್ಯಾ ಅಂದುಕೊಂಡಳು.

ಒಂದು ಮುಂಜಾನೆ ಹೊಲಕ್ಕೆ ಹೋದವನು ಮೊಬೈಲು ಮರೆತು ತಿರುಗಿ ಬಂದ. ಹಿತ್ತಲಲ್ಲಿ ಟ್ರ್ಯಾಕ್ಟರು ನಿಂತಿತ್ತು. ಅದರ ಬಾಜೂದ ಕನ್ನಡಿಯ ಮುಂದೆ ಕಾಶೆವ್ವ ನಿಂತಿದ್ದಳು. ಕಳೆ ತೆಗೆಯಲು ಹೊರಟು ತಲೆಗೆ ಅರಿವೆ ಸುತ್ತಿಕೊಂಡಿದ್ದಳು. ಕೈಯಲ್ಲಿ ಅವನ ಟ್ಯೂಬಿತ್ತು. ಗಂಡ ಬಂದದ್ದು ಕನ್ನಡಿಯಲ್ಲಿ ಕಂಡಿತು. ಆದರೂ ಅವಳು ಕೈ ನಿಲ್ಲಿಸಲಿಲ್ಲ. ಎಡಗಲ್ಲ ಮುಗಿಸಿ ಬಲಗಲ್ಲಕ್ಕೆ ಬಂದಳು.

"ನೀ ಹಚ್ಕೋಳಾಕತ್ತೀಯೇನು?" ಎಂದ ಮುರಿಗೆಪ್ಪ.

"ಹೂಂ."

"ಒಂದು ಮಾತು ಹೇಳಿದ್ರ ನಿನಗೂ ತರತಿದ್ದೆ."

"ಹೇಳಬೇಕಾಗಿತ್ತೇನ್ರಿ?" ಕಾಶೆವ್ವ ಅವನ ಕಡೆ ತಿರುಗಿದಳು. ದನಿ ಏರಿರಲಿಲ್ಲ. "ನಿಮಗ ನಾಕು ದಿನ ಕೆರೀತು, ಗೋಕಾಕಕ್ಕ ಹೋದ್ರಿ. ನನ್ನ ಮಾರಿಗೆ ಈ ಬಂಗು ಬಾಳೇಶ ಹುಟ್ಟಿದಾಗ ಬಂದದ್ದು. ಬಾಳೇಶನ ಲಗ್ನಾ ಆತು. ಒಂದು ದಿನಾರೆ ಏನದು ಅಂದ್ರೇನು?"

ಅವಳ ಎರಡೂ ಗಲ್ಲದ ಮೇಲೆ ಕಂದು ಬಣ್ಣದ ಕಲೆ ಹರಡಿತ್ತು. ಮುರಿಗೆಪ್ಪನಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ.

"ನಾ ನಿನ್ನ ಮಾರೀನ ಹಂಗ ಐತಿ ಅಂತ ತಿಳ್ಕೊಂಡಿದ್ದೆ" ಎಂದ.

ಕಾಶೆವ್ವ ಟ್ಯೂಬಿನ ಮುಚ್ಚಳ ಹಾಕಿ ಅವನ ಕೈಯಲ್ಲಿಟ್ಟು, ಕುಡುಗೋಲು ಹಿಡಿದು ಕಳೆ ತೆಗೆಯಲು ಹೋದಳು.

ಅವತ್ತಿನಿಂದ ಅವಳು ಕ್ರೀಮು ಮುಟ್ಟಲಿಲ್ಲ. ಗಂಡನ ಜೊತೆ ಮಾತೂ ಆಡಲಿಲ್ಲ. ಊಟಕ್ಕೆ ಕೊಡುವುದೆಲ್ಲ ಕೊಟ್ಟಳು. "ಭಾಗ್ಯಾ, ನಿಮ್ಮ ಮಾವಾರಿಗೆ ಪಲ್ಯ ಬೇಕೇನು ಕೇಳು" ಎನ್ನುವಳು. ಮಾವ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದ. "ಮಾವಾರ, ಪಲ್ಯ ಬೇಕೇನ್ರಿ?" ಎಂದು ಭಾಗ್ಯಾ ಕೇಳುವಳು. "ಸ್ವಲ್ಪ ಹಾಕು ಅಂತ ಹೇಳು" ಎಂದು ಅವನು ಹೇಳುವನು. ಗೋಕಾಕಕ್ಕೆ ಹೋಗೋಣ ಎಂಬ ಮಾತನ್ನೂ ಹೀಗೇ ಕಳಿಸಿದ. "ನನಗೇನು ಕೆರಿಯಾಕತ್ತಿಲ್ಲ ಅಂತ ಹೇಳು" ಎಂದು ಅದು ತಿರುಗಿ ಬಂತು.

ಮುರಿಗೆಪ್ಪನೂ ಕ್ರೀಮು ಹಚ್ಚುವುದನ್ನು ಬಿಟ್ಟ. ಹಚ್ಚಲು ಮನಸ್ಸಾಗುತ್ತಿರಲಿಲ್ಲ. ದದ್ದು ಮತ್ತೆ ಎದ್ದವು. ಕೆರೆಯುತ್ತಲೇ ಮೂಡಲಗಿಗೆ ಹೋಗಿ ಮಾಲಾಳ ಅಂಗಡಿಯಲ್ಲಿ ಕೂತ.

"ಬಂಗಿಗೆ ಏನರೆ ಐತೇನು ತಂಗಿ? ನಮ್ಮ ಮನ್ಯಾಕಿಗೆ."

"ಬಂಗಿಗೆ ನಾ ಏನೂ ಕೊಡಂಗಿಲ್ಲ ಕಾಕಾ. ಡಾಕ್ಟರಿಗೇ ತೋರಸಬೇಕು. ಎಷ್ಟು ಐತಿ? ಎರಡೂ ಕಡೆ ಸರೀಸಮ ಐತೋ, ಒಂದು ಕಡೆ ಜಾಸ್ತೀನೋ?"

ಮುರಿಗೆಪ್ಪ ತನ್ನದೇ ಎರಡೂ ಗಲ್ಲ ಮುಟ್ಟಿ ನೋಡಿಕೊಂಡ. ಯಾವ ಕಡೆ ಜಾಸ್ತಿ ಎಂದು ಗೊತ್ತಿರಲಿಲ್ಲ.

"ಮೂಗಿನ ಮ್ಯಾಲೂ ಐತೇನ್ರಿ?"

ಅದೂ ಗೊತ್ತಿರಲಿಲ್ಲ. ತನ್ನ ಎಮ್ಮೆಯ ಮಾರಿಯ ಮೇಲೆ ಎಲ್ಲಿ ಬಿಳಿ ಕೂದಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು ಅವನು. ಅಂಗಡಿಗೆ ಬಂದ ಹೆಂಗಸರು ಬಳೆ ತೊಡಿಸಿಕೊಳ್ಳುವುದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತು, ಏನೂ ತೆಗೆದುಕೊಳ್ಳದೆ ಎದ್ದ.

ಮನೆಗೆ ಬಂದಾಗ ಕಾಶೆವ್ವ ಒಲೆಯ ಮುಂದಿದ್ದಳು. ಭಾಗ್ಯಾ ನೀರಿಗೆ ಹೋಗಿದ್ದಳು. ಮುರಿಗೆಪ್ಪ ಮಣೆ ಎಳೆದುಕೊಂಡು ಹೆಂಡತಿಯ ಎದುರಿಗೆ ಕೂತು ಅವಳ ಮಾರಿ ನೋಡತೊಡಗಿದ. ಕಾಶೆವ್ವ ಒಂದು ರೊಟ್ಟಿ ಬಡಿದಳು, ಬೇಯಿಸಿದಳು. ಇನ್ನೊಂದು ಬಡಿದಳು. ಅವನು ಕಣ್ಣು ತೆಗೆಯಲಿಲ್ಲ. ಮನೆಯಲ್ಲಿ ಭಾಗ್ಯಾ ಇರಲಿಲ್ಲವಾದ್ದರಿಂದ ಅವಳು ನೇರವಾಗಿಯೇ ಕೇಳಬೇಕಾಯಿತು.

"ಏನ ನೋಡಾಕತ್ತೀರಿ?"

"ಎಡಗಡೆ ಜಾಸ್ತಿ ಐತಿ."

ಅವಳು ಬಡಿದ ರೊಟ್ಟಿ ಹಂಚಿಗೆ ಹಾಕಿದಳು.

"ಬಲಗಡೆ ಕಣ್ಣಿನ ಕೆಳಗ ಹುಣಸಿಬೀಜದಷ್ಟು ಒಂದು ಬ್ಯಾರೆ ಐತಿ. ಮೂಗಿನ ಮ್ಯಾಲ ಸ್ವಲ್ಪ. ಮ್ಯಾಲಿನ ತುಟಿ ಮ್ಯಾಲ..." ಅವನು ಮುಂದೆ ಬಗ್ಗಿದ. "ಅಲ್ಲಿ ಇಲ್ಲ. ಅದು ಹಿಟ್ಟು."

ಹಂಚಿನ ಮೇಲಿನ ರೊಟ್ಟಿಯಿಂದ ಹೊಗೆ ಎದ್ದಿತು. ಕಾಶೆವ್ವ ಅದನ್ನು ತೆಗೆಯಲಿಲ್ಲ. ಸೆರಗಿನಿಂದ ತುಟಿಯ ಮೇಲಿನ ಹಿಟ್ಟು ಒರೆಸಿಕೊಂಡಳು. ಒರೆಸಿಕೊಂಡ ಮೇಲೂ ಸೆರಗು ಅಲ್ಲೇ ಹಿಡಿದುಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಆಗಲಿಲ್ಲ. ತಾನೇ ರೊಟ್ಟಿ ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡ.

"ಸೋಮಾರ ಹೋಗೂಣು" ಎಂದಳು ಕಾಶೆವ್ವ.

ಗೋಕಾಕದ ಡಾಕ್ಟರು ಅವಳ ಮಾರಿಯನ್ನು ದೀಪದ ಬೆಳಕಿನಲ್ಲಿ ನೋಡಿ, ಇದು ಹಳೆಯದು, ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ ಎಂದರು. ಮಲಗುವಾಗ ಹಚ್ಚಲು ಒಂದು ಮುಲಾಮು, ಹಗಲು ಬಿಸಿಲಿನ ಕ್ರೀಮು. "ಬಿಸಿಲಾಗ ಕೆಲಸಾ ಕಡಿಮಿ ಮಾಡ್ರಿ" ಎಂದು ಸೇರಿಸಿದರು.

"ಹಂಗಾದ್ರ ಕಳೆ ಯಾರು ತಗೀಬೇಕ್ರಿ?" ಎಂದು ಕಾಶೆವ್ವ ಕೇಳಿದಳು.

ಡಾಕ್ಟರು ಮುರಿಗೆಪ್ಪನ ಕಡೆ ನೋಡಿದರು. ಮುರಿಗೆಪ್ಪ ಕೆಳಗೆ ನೋಡಿದ. ಆಮೇಲೆ ಅವನ ಮುಂಗೈ ಕಂಡು, "ನೀವ್ಯಾಕ ಹಚ್ಚೂದು ಬಿಟ್ರಿ?" ಎಂದು ಗದರಿದರು. ಕಾಶೆವ್ವ ಆಗ ಅವನ ಕೈ ನೋಡಿದಳು. ಬಸ್‌ಸ್ಟ್ಯಾಂಡಿಗೆ ಬಂದರು. ಅಲ್ಲಿ ಕಲ್ಲಂಗಡಿ ಹಣ್ಣು ತಿನ್ನುತ್ತ, "ಶಾಣ್ಯಾ ಅದೀರಿ" ಎಂದಳು. ಅದು ಹೊಗಳಿಕೆಯಲ್ಲ ಎಂದು ಅವನಿಗೆ ಗೊತ್ತಾಯಿತು.

ಕಳೆಯ ಕೆಲಸ ನಿಲ್ಲಲಿಲ್ಲ. ಆದರೆ ಕಾಶೆವ್ವ ಈಗ ಹೊತ್ತು ಏರುವ ಮೊದಲೇ ಹೋಗಿ, ಬಿಸಿಲು ಚುರುಕಾದಾಗ ಬೇವಿನ ಗಿಡದ ಕೆಳಗೆ ಕೂತು, ಇಳಿಹೊತ್ತಿಗೆ ಮತ್ತೆ ಇಳಿಯುತ್ತಾಳೆ. ಮುರಿಗೆಪ್ಪ ನಡುವಿನ ಹೊತ್ತಿನಲ್ಲಿ ಅವಳ ಸಾಲಿಗೆ ಕುಡುಗೋಲು ಹಿಡಿದು ಕೂರುತ್ತಾನೆ. ಅವನು ಕಳೆ ತೆಗೆದ ಸಾಲನ್ನು ಅವಳು ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಆ ಮಾತು ಬೇರೆ. ಅವಳ ಜೊತೆಗಾತಿಯರಾದ ಭರಮವ್ವ, ಅಲ್ಲವ್ವ ಕೂಡ ಕ್ರೀಮು ಕೊಂಡರು. ಬಿಳಿ ಮಾರಿಯ ಹೆಂಗಸರು ಸಾಲಾಗಿ ಕಬ್ಬಿನಲ್ಲಿ ಕೂತದ್ದನ್ನು ಕಂಡು ರಸ್ತೆಯ ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡುತ್ತಾರೆ.

ಬಂಗು ಪೂರ್ತಿ ಹೋಗಲಿಲ್ಲ. ಮಾಗಿಯ ಹೊತ್ತಿಗೆ ಅರ್ಧದಷ್ಟು ತಿಳಿಯಾಯಿತು. ಕಾಶೆವ್ವನ ತಮ್ಮನ ಮಗಳ ಲಗ್ನಕ್ಕೆ ಸಂಕೇಶ್ವರಕ್ಕೆ ಹೋದಾಗ ಅವಳ ಅಕ್ಕ ಸತ್ತೆವ್ವ ಅಪ್ಪಿಕೊಂಡು, ಹಿಂದೆ ಸರಿದು, ಮೊದಲು ಕೇಳಿದ್ದೇ ಇದು: "ಅಯ್ ಕಾಶಿ, ನಿನ್ನ ಬಂಗು ಎಲ್ಲಿ ಹೋತು?"

"ಇನ್ನೂ ಐತಿ ಅಕ್ಕಾ. ಕಡಿಮಿ ಆಗೈತಿ."

"ಏನ ಹಚ್ಚಿದಿ?"

"ಇವರನ್ನ ಕೇಳು" ಎಂದು ಕಾಶೆವ್ವ ಗಂಡನ ಕಡೆ ಕೈ ಮಾಡಿ ಊಟಕ್ಕೆ ಹೋದಳು. ಮುರಿಗೆಪ್ಪ ಕೊನೆಯ ಪಂಕ್ತಿ ಕೂರುವ ತನಕ ಬೀಗತಿಯರ ನಡುವೆ ಸಿಕ್ಕು, ಎಣ್ಣೆ ಚರ್ಮ, ಒಣ ಚರ್ಮ ಎಂದು ವಿವರಿಸುತ್ತ ನಿಂತಿದ್ದ. ಬೀಗತಿಯರು ಬಿಟ್ಟ ಮೇಲೆ ಊಟಕ್ಕೆ ಕೂತರೆ ಹೋಳಿಗೆ ತೀರಿದ್ದವು. ಕಾಶೆವ್ವ ತನ್ನ ಪಾಲಿನಲ್ಲಿ ಅರ್ಧ ತೆಗೆದಿಟ್ಟಿದ್ದಳು.

ಇಳಿಹೊತ್ತಿನ ಬಸ್ಸಿನಲ್ಲಿ ತಿರುಗಿ ಹೊರಟರು. ಕಾಶೆವ್ವ ಕಿಟಕಿಯ ಕಡೆ ಕೂತಿದ್ದಳು. ಊರು ದಾಟುತ್ತಲೇ ಬಿಸಿಲು ನೇರ ಅವಳ ಗಲ್ಲಕ್ಕೆ ಬಂತು. ಮುರಿಗೆಪ್ಪ ಎದ್ದು ನಿಂತ.

"ಈ ಕಡೆ ಸರಿ."

"ನಿಮಗ ದದ್ದು ಏಳತಾವು."

"ನಾ ಹಚ್ಕೊಂಡೇನಿ."

"ನಾನೂ ಹಚ್ಕೊಂಡೇನಿ."

"ಸರಿ ಅಂದ್ರ ಸರಿ."

ಅವಳು ಸರಿದಳು. ಹುಕ್ಕೇರಿಯಲ್ಲಿ ಎದುರಿನ ಕಡೆಯ ಸೀಟು ಖಾಲಿಯಾಯಿತು, ಅಲ್ಲಿ ಪೂರಾ ನೆರಳಿತ್ತು. ಇಬ್ಬರೂ ಗಂಟು ಎತ್ತಿಕೊಂಡು ಅಲ್ಲಿಗೆ ಹೋಗಿ ಕೂತರು. ಸ್ವಲ್ಪ ಮುಂದೆ ರಸ್ತೆ ತಿರುಗಿತು, ಬಿಸಿಲು ಆ ಕಡೆಗೆ ಬಂತು. ಇಬ್ಬರೂ ಮತ್ತೆ ಎದ್ದರು. ಕಂಡಕ್ಟರು ಟಿಕೀಟು ಹರಿಯುವುದನ್ನು ನಿಲ್ಲಿಸಿ, ಅವರು ದಾಟಿ ಹೋಗಲೆಂದು ಒಂದು ಬದಿಗೆ ನಿಂತ.