ಡಿ ಡ್ರೈವಿನ ವಾಟ್ನಿ

ತಿಳವಳ್ಳಿಯ ಚನ್ನವೀರಪ್ಪನವರ ಮನೆಯಲ್ಲಿ ಕಂಪ್ಯೂಟರ್ ಅಂದರೆ ಶ್ವೇತಾ. ಹಿರಿಯ ಸೊಸೆ, ಹಾನಗಲ್ಲಿನಲ್ಲಿ ಆರು ತಿಂಗಳು ಕೋರ್ಸು ಮಾಡಿದವಳು. ಪಹಣಿ ತೆಗೆಯಬೇಕೆ, ಗೋವಿನಜೋಳದ ಧಾರಣೆ ನೋಡಬೇಕೆ, ಮಾವನವರು ಪಡಸಾಲೆಯಿಂದಲೇ "ಶ್ವೇತಾ" ಎಂದು ಕೂಗುತ್ತಿದ್ದರು. ಏಳು ವರ್ಷ ಹಾಗೆ ಕೂಗಿಸಿಕೊಂಡಳು. ಆಮೇಲೆ ಮೈದುನ ಪ್ರಶಾಂತ ಸವಣೂರಿನ ತನುಜಾಳನ್ನು ಮದುವೆಯಾದ. ಆರೇ ತಿಂಗಳಲ್ಲಿ ಕೂಗುವ ಹೆಸರು ಬದಲಾಯಿತು, ಶ್ವೇತಾಳ ಹೊಟ್ಟೆ ಉರಿಯಲು ಶುರುವಾಯಿತು.

ಮಾವನವರಿಗೆ ಈಗ ಹೊಸ ಹುಚ್ಚು ಹತ್ತಿತ್ತು: ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ. ಮೊಬೈಲಿನಲ್ಲೇ ದುಡ್ಡು ಕಟ್ಟಿದ್ದರು. ದುಡ್ಡು ಹೋಯಿತು, ಆಟ ಬರಲಿಲ್ಲ. ಶ್ವೇತಾ ಎರಡು ದಿನ ಕಂಪ್ಯೂಟರ್ ಬಂದ್ ಮಾಡಿದಳು, ಚಾಲೂ ಮಾಡಿದಳು, ಇಂಟರ್ನೆಟ್ಟಿಗೆ ಬೈದಳು. ಮೂರನೆಯ ದಿನ ತನುಜಾ ಬಂದು ಒಂದೇ ಪ್ರಶ್ನೆ ಕೇಳಿದಳು.

"ಮಾವಾರ, ಯಾವ ಇಮೇಲಿನಿಂದ ತಗೊಂಡೀರಿ?"

ಮೊಬೈಲಿನಲ್ಲಿದ್ದದ್ದು ಹಿರಿಮಗ ಸಂಜಯನ ಇಮೇಲು, ಕಂಪ್ಯೂಟರಿನಲ್ಲಿದ್ದದ್ದು ಮಾವನವರದು. ಅದನ್ನು ಬದಲಿಸಿದ್ದೇ ತಡ, ಲಾರಿಯ ಚಿತ್ರ ಬಂದು ಕೂತಿತು. ಸಂಜಯ ಶ್ವೇತಾಳ ಸ್ವಂತ ಗಂಡ! ತನಗೆ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದು ಅವಳು ಉರಿದುಹೋದಳು.

ಆದರೆ ಆಟ ಇಳಿಸಲು ಹೋದರೆ ಜಾಗ ಸಾಲದು ಎಂದು ಬಂತು. ಅದಕ್ಕೂ ಕಾರಣವಿತ್ತು. ಕಂಪ್ಯೂಟರ್ ಮಾರುವಾಗ ಹಾನಗಲ್ಲಿನ ಸಿರಾಜುದ್ದೀನ, "ಮೂರು ಪಾರ್ಟಿಶನ್ ಮಾಡೇನ್ರಿ" ಎಂದಿದ್ದ. ಪಾರ್ಟಿಶನ್ ಅಂದರೆ ಚನ್ನವೀರಪ್ಪನವರಿಗೆ ಗೊತ್ತಿದ್ದದ್ದು ಹೊಲ-ಮನೆ ಹಂಚುವ ವಾಟ್ನಿ ಒಂದೇ. ಅಂದೇ ಹಂಚಿಬಿಟ್ಟರು: ಸಿ ಡ್ರೈವು ತಮಗೆ, ಡಿ ಹಿರಿಯ ಸೊಸೆಗೆ, ಇ ಮುಂದೆ ಬರುವ ಕಿರಿಯವಳಿಗೆ. ಅಂದಿನಿಂದ ಒಬ್ಬರ ಪಾಲಿನಲ್ಲಿ ಇನ್ನೊಬ್ಬರು ಒಂದು ಫೋಟೋ ಇಟ್ಟವರಲ್ಲ. ಈಗ ಸಿ ಭರ್ತಿ. ಎಲ್ಲಕ್ಕಿಂತ ಸಣ್ಣದಾದ ಇ, ತನುಜಾಳ ಮದುವೆ ವಿಡಿಯೋಕ್ಕೇ ತುಂಬಿಹೋಗಿತ್ತು.

"ಅಕ್ಕಾರ ವಾಟ್ನ್ಯಾಗ ಜಾಗ ಐತ್ರಿ. ನಾಳೆ ಕೇಳೂಣ್ರಿ," ಎಂದಳು ತನುಜಾ.

ಬಾಗಿಲ ಹಿಂದೆ ನಿಂತಿದ್ದ ಶ್ವೇತಾಳಿಗೆ ಅಷ್ಟು ಸಾಕಾಯಿತು. ಹೆಸರಂತೂ ಹೋಯಿತು, ಈಗ ಜಾಗವೂ ಬೇಕೇನು ಇವಳಿಗೆ! ಮರುದಿನ ಬೆಳಿಗ್ಗೆ ತನುಜಾ ಹಾನಗಲ್ಲಿನ ಬಸ್ಸು ಹತ್ತುತ್ತಲೇ ಕಂಪ್ಯೂಟರಿನ ಮುಂದೆ ಕೂತಳು. ಡಿ ತುಂಬಿಸೋಣವೆಂದರೆ ತನ್ನದೇನಿದೆ? ಹತ್ತಾರು ಪಹಣಿ, ನಾಲ್ಕು ಫೋಟೋ. ಕೊನೆಗೆ ದೊಡ್ಡದಾಗಿ ಕಂಡದ್ದು ತನುಜಾಳ ಮದುವೆ ವಿಡಿಯೋವೇ. ಒಂದು ಸಲ ಕಾಪಿ ಮಾಡಿದಳು, ಅರ್ಧವೂ ತುಂಬಲಿಲ್ಲ. ಐದು ಸಲ ಮಾಡಿದಳು. ಡಿ ಡ್ರೈವಿನ ಜಾಗ ತೋರಿಸುವ ಪಟ್ಟಿ ತುಂಬಿ ಕೆಂಪಾದಾಗ ಜೀವ ತಣ್ಣಗಾಯಿತು.

ಮಧ್ಯಾಹ್ನ ಮಾವನವರು ಕೇಳಿದಾಗ, "ನನ್ನದೂ ತುಂಬೇತ್ರಿ," ಎಂದು ಗೋಣು ಅಲ್ಲಾಡಿಸಿದಳು. ಅಷ್ಟರಲ್ಲಿ ಊರಿಗೆ ಮರಳಿದ್ದ ತನುಜಾ ಡಿ ತೆರೆದೇಬಿಟ್ಟಳು. ತನ್ನದೇ ಮದುವೆ, ಐದು ಸಲ!

"ಏನೈತವ್ವಾ ಅದರಾಗ?" ಎಂದರು ಮಾವ.

ತನುಜಾ ಪರದೆಯ ಮೇಲೆ ಕಣ್ಣಾಡಿಸಿ ಮಾವನ ಕಡೆ ತಿರುಗಿದಳು. "ನಮ್ಮ ಮದವಿ ವಿಡಿಯೋ ಕೆಡಬಾರದಂತ ಅಕ್ಕಾರು ಐದು ಕಾಪಿ ಇಟ್ಟಾರ್ರಿ. ನಾಕು ಅಳಿಸಿದ್ರ ನಿಮ್ಮ ಲಾರಿ ಹಿಡಿತೈತಿ."

"ಹಿರೇ ಸೊಸಿ ಅಂದ್ರ ಹಿಂಗಿರಬೇಕು ನೋಡು!" ಮಾವನವರು ಹಿಗ್ಗಿದರು. ಏಳು ವರ್ಷದಲ್ಲಿ ಸಿಗದ ಹೊಗಳಿಕೆ ಸಿಕ್ಕಿತ್ತು. ಆದರೆ ನಾಲ್ಕೂ ಕಾಪಿಯನ್ನು ಶ್ವೇತಾಳೇ ಕೂತು ಅಳಿಸಬೇಕಾಯಿತು.

ಸಂಜೆ ಅಡಿಗೆಮನೆಯಲ್ಲಿ ಅವಳು ಮೆಲ್ಲಗೆ ಕೇಳಿದಳು, "ನಿನಗ ಗೊತ್ತಾತೇನು?"

"ಕಾಪಿ ಆದ ತಾರೀಕು ಕಾಣತೈತ್ರಿ ಅಕ್ಕಾರ. ಇವತ್ತಿಂದು."

ತನುಜಾ ನಗಲಿಲ್ಲ, ರೊಟ್ಟಿ ಬಡಿಯುವುದನ್ನೂ ಬಿಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒಳ್ಳೆಯತನದಲ್ಲೂ ಇವಳೇ ಮುಂದಾದಳಲ್ಲ ಎಂದು ಶ್ವೇತಾಳ ಹೊಟ್ಟೆಕಿಚ್ಚು ಮತ್ತೂ ಹೆಚ್ಚಾಯಿತು.

"ತನುಜಾ, ಲಾರಿ ಗಟಾರದಾಗ ಬಿತ್ತು, ಬಾ ಇಲ್ಲೆ!" ಪಡಸಾಲೆಯಿಂದ ಮಾವನವರು ಕೂಗಿದರು.

"ನನ್ನ ಕೈ ಹಿಟ್ಟಾಗೇತ್ರಿ. ನೀವ ಹೋಗ್ರಿ ಅಕ್ಕಾರ."

ಶ್ವೇತಾ ಸೆರಗು ಸರಿಮಾಡಿಕೊಂಡು ಓಡಿದಳು. ಅವರ ಹಿಂದೆ ನಿಂತು ಬಗ್ಗಿ, ಲಾರಿ ಹಿಂದಕ್ಕೆ ತೆಗೆಯುವ ಗುಂಡಿ ಹುಡುಕಿ ಒತ್ತಿದಳು. ಲಾರಿ ಗುರುಗುಟ್ಟಿ ರಸ್ತೆಗೆ ಬಂತು.

ಮಾವನವರು ಪರದೆಯಿಂದ ಕಣ್ಣು ತೆಗೆಯದೆ, "ಶಾಬಾಸ್ ತನುಜಾ," ಎಂದರು.