ರುಚಿ ನೋಡುವ ಪಾಳಿ

ನಾನು ಉದ್ದ ಹಿಡಿಯ ಒಂದು ಸೌಟು. ಪೇಟೆಯಲ್ಲಿ ಪಾತ್ರೆ ಬಡಿಯುವವರ ಓಣಿಯಲ್ಲಿ ಹುಟ್ಟಿದೆ. ಮದುವೆ ಅಡುಗೆಯ ಅಡಿವೆಪ್ಪ ನನ್ನನ್ನು ಕೊಂಡ. ಮುಪ್ಪಿನಲ್ಲಿ ಒಲೆಯ ಕಾವು ತಾಳದಾದಾಗ ತನ್ನೂರಿನ ಶಾಲೆಗೆ ಕೊಟ್ಟುಬಿಟ್ಟ. ಅಲ್ಲಿ ಬಿಸಿಯೂಟ ಮಾಡುವ ಫಕೀರವ್ವನ ಕೈ ಸೇರಿದೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅವಳ ಮನಸ್ಸು ನನಗೆ ಹಿಡಿತದಲ್ಲೇ ತಿಳಿಯುತ್ತಿತ್ತು.

ಆ ಶಾಲೆಯಲ್ಲೊಂದು ರೂಢಿ. ಮಕ್ಕಳಿಗೆ ಬಡಿಸುವ ಮೊದಲು ದಿನಕ್ಕೊಬ್ಬ ತಾಯಿ ಬಂದು ರುಚಿ ನೋಡಬೇಕು. ಯಾರ ತಾಯಿ ಬರುತ್ತಾಳೋ ಆ ಮಗು ಅಂದು ಬೀಗುತ್ತ ಕೂರುತ್ತದೆ. ಮೂರನೆಯ ತರಗತಿಯ ಹುಲಿಗೆವ್ವನಿಗೆ ಮಾತ್ರ ಆ ಭಾಗ್ಯವಿಲ್ಲ. ಅವಳನ್ನು ಅಜ್ಜಿಯ ಬಳಿ ಬಿಟ್ಟು ತಾಯಿ ಕಬ್ಬು ಕಡಿಯಲು ಹೋಗಿದ್ದಳು.

"ನಿಮ್ಮವ್ವ ಯಾವಾಗ ಬರ್ತಾಳಬೇ? ಕಬ್ಬೆಲ್ಲಾ ತಿಂದ ಮ್ಯಾಲೇನು?" ಹುಡುಗಿಯರು ಕೆಣಕುತ್ತಿದ್ದರು.

ಫಕೀರವ್ವ ದಿನಾ ಆ ಮಗುವಿನ ತಲೆ ಬಾಚತೊಡಗಿದಳು. ಒಂದು ದಿನ ಹುಲಿಗೆವ್ವ ಅವಳ ಸೆರಗು ಹಿಡಿದು ಟೀಚರ ಮುಂದೆ ಎಳೆತಂದಳು.

"ಅಕ್ಕೋರೇ, ಇವತ್ತ ನಮ್ಮ ಪಾಳಿ. ನಮ್ಮ ಕಡಿಂದ ಈಕಿ ನೋಡ್ತಾಳ್ರಿ."

ಟೀಚರು ನಕ್ಕರು. "ಮಾಡಿದಾಕಿನ ನೋಡಿದ್ರ ಹೆಂಗವಾ? ಇರ್ಲಿ, ನೋಡ್ರಿ ಫಕೀರವ್ವ."

ಫಕೀರವ್ವ ನನ್ನನ್ನು ಸಾರಿನಲ್ಲಿ ಅದ್ದಿ ಎತ್ತಿದಳು. ಅವಳ ಅಂಗೈಗೆ ಸಾರು ಸುರಿದೆ. ನೆಕ್ಕಿ, "ಭಾಳ ಚಲೋ ಆಗೈತ್ರಿ" ಎಂದಳು.

ಎಲ್ಲರೂ ಉಣ್ಣಲು ಕೂತರು. "ದೊಡ್ಡವ್ವಾ, ಉಪ್ಪ ಹಾಕಿಲ್ಲಬೇ!" ಒಬ್ಬ ಹುಡುಗ ಫಕೀರವ್ವನತ್ತ ಕೂಗಿದ. ಶಾಲೆಗೆ ಶಾಲೆಯೇ ನಕ್ಕಿತು. ಹುಲಿಗೆವ್ವ ಮಾತ್ರ ತಟ್ಟೆ ಬಳಿದು ಉಂಡಳು.

ಮಳೆಗಾಲಕ್ಕೆ ತಾಯಿ ಬಂದಳು, ಕಂಕುಳಲ್ಲಿ ಕೂಸು. ಆ ನಾಲ್ಕು ತಿಂಗಳು ಹುಲಿಗೆವ್ವ ಅಡುಗೆಮನೆಯತ್ತ ಸುಳಿಯಲಿಲ್ಲ. ಮತ್ತೆ ಕಬ್ಬಿನ ಕಾಲ ಬಂದಾಗ ತಾಯಿ ಅಡುಗೆಮನೆಗೆ ಬಂದು ಫಕೀರವ್ವನಿಗೆ ಹೇಳಿದಳು, "ಈ ಸಲ ಈಕಿನ್ನೂ ಕರಕೊಂಡ ಹೊಂಟೀನಿ ಯಕ್ಕಾ. ಕೂಸಿನ್ನ ಹಿಡಿಯಾಕ."

"ಬಿಟ್ಟ ಹೋಗ ತಂಗಿ. ನಮ್ಮನ್ಯಾಗ ಇರ್ಲಿ. ಸಾಲಿ ಕಲೀಲಿ."

"ಸಾಲಿ ಸಲುವಾಗಿ ಕೇಳಾಕತ್ತೀಯೋ, ನಿನ್ನ ಸಲುವಾಗೋ?"

ಫಕೀರವ್ವನ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದವು. ಮರುದಿನ ಕಬ್ಬು ಕಡಿಯುವವರ ಲಾರಿ ಹೋಯಿತು. ಹುಲಿಗೆವ್ವ ತಿರುಗಿ ಆ ಶಾಲೆಗೆ ಬರಲಿಲ್ಲ.

ಈಗ ಶಾಲೆಗೆ ಹೊಸ ಸೌಟು ಬಂದಿದೆ, ಹೊಸ ಅಡುಗೆಯವಳೂ. ನನ್ನ ಹಿಡಿ ಅಲ್ಲಾಡುತ್ತದೆ. ಫಕೀರವ್ವ ನನ್ನನ್ನು ಶಾಲೆಯವರಿಂದ ಕೇಳಿ ಪಡೆದು ಮನೆಗೆ ತಂದಳು. ಒಬ್ಬಳ ಗಡಿಗೆಗೆ ನಾನು ತೀರಾ ದೊಡ್ಡದು; ಒಂದು ಸೌಟಿಗೇ ಅವಳ ಊಟ ಮುಗಿಯುತ್ತದೆ. ಆದರೂ ಅವಳು ನನ್ನನ್ನು ಮತ್ತೊಮ್ಮೆ ಅದ್ದಿ ಎತ್ತುತ್ತಾಳೆ. ತುಸು ಹೊತ್ತು ಗಾಳಿಯಲ್ಲಿ ಹಿಡಿದಿರುತ್ತಾಳೆ. ಆಮೇಲೆ, ಒಂದು ಹನಿಯೂ ಚೆಲ್ಲದಂತೆ, ಸಾರನ್ನು ಗಡಿಗೆಗೇ ಸುರಿಯುತ್ತಾಳೆ.